ದೀಕ್ಷೆಯೂ ಮುಕ್ತಿಯೂ: ಕಲ್ಯಾಣದ ಸಿದ್ಧರಾಮನೂ ಕೈಸರೈಯದ ಕೊರ್ನೇಲ್ಯನೂ

೧

ಮನುಷ್ಯನಿಗೆ ದೇವರ ಕೃಪೆಯು ದೊರೆಯಬೇಕಾದರೆ ಬಾಹ್ಯವಾದ ಒಂದು ಸಂಸ್ಕಾರವು ಅವಶ್ಯವೋ, ಅಥವಾ ಕೃಪೆಯು ಮೊದಲೇ ದೊರೆತಿರಲಾಗಿ ಸಂಸ್ಕಾರವು ಅದರ ಕುರುಹು ಮಾತ್ರವೋ ಎಂಬ ಪ್ರಶ್ನೆಯು ಕ್ರೈಸ್ತ ಸಭೆಯಲ್ಲಿ ಅದರ ಮೊದಲ ಶತಮಾನದಿಂದಲೂ ಚರ್ಚೆಗೆ ಬಂದಿರುವುದು. ದೀಕ್ಷಾಸ್ನಾನವಿಲ್ಲದೆ ರಕ್ಷಣೆಯುಂಟೋ ಇಲ್ಲವೋ ಎಂಬುದೇ ಆ ಚರ್ಚೆಯ ರೂಪ. ಕನ್ನಡ ಸಾಹಿತ್ಯವನ್ನು ವ್ಯಾಸಂಗಮಾಡುವವರಿಗೆ ಇದು ಹೊರಗಿನ ಮತದವರ ವಿಚಾರವೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಇದೇ ಪ್ರಶ್ನೆಯನ್ನು ಬೇರೆ ಹೆಸರಿನಲ್ಲಿ, ಇದಕ್ಕಿಂತ ಕಡಮೆಯಲ್ಲದ ತೀಕ್ಷ್ಣತೆಯಿಂದ, ಕನ್ನಡದ ಒಂದು ಪ್ರಧಾನ ಗ್ರಂಥವು ಚರ್ಚಿಸಿದೆ. ಆ ಗ್ರಂಥ ಶೂನ್ಯಸಂಪಾದನೆ. ಆ ಚರ್ಚೆಯ ಸ್ಥಳ ಕಲ್ಯಾಣ. ಚರ್ಚೆಗೆ ಕಾರಣನಾದವನು ಸೊನ್ನಲಿಗೆಯ ಸಿದ್ಧರಾಮ.

ಬೀದರ ಜಿಲ್ಲೆಯ ಬಸವಕಲ್ಯಾಣ ಹುಮನಾಬಾದಗಳು ನೆರೆಹೊರೆಯ ಊರುಗಳು. ಈ ಎರಡು ಊರುಗಳ ಆವರಣದಲ್ಲಿ ಪ್ರಕೃತ ಪ್ರಶ್ನೆಗೆ ಮೂರು ಉತ್ತರಗಳು ದೊರೆಯುತ್ತವೆ. ಅಂಗದ ಮೇಲೆ ಲಿಂಗವನ್ನು ಧರಿಸಬೇಕೆಂಬ ಶರಣರ ಉತ್ತರವು ಒಂದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಈ ಸೀಮೆಯಲ್ಲಿ ಕೆಲಸಮಾಡಿದ ಅಮೆರಿಕದ ಮೆಥೊಡಿಸ್ಟ್ ಮಿಷನ್ನಿನವರು ತಂದ, ನೀರಿನ ದೀಕ್ಷೆಯ ಉತ್ತರವು ಎರಡನೆಯದು. ಕಲ್ಯಾಣದ ಬಳಿಯ ಲಾಡವಂತಿಯಲ್ಲಿ ೧೮೧೭ರಲ್ಲಿ ಜನಿಸಿ, ಹುಮನಾಬಾದದ ಬಳಿಯ ಮಾಣಿಕನಗರದಲ್ಲಿ ನೆಲಸಿ, ೧೮೬೫ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳ ಸಕಲಮತ ಸಂಪ್ರದಾಯದ ಉತ್ತರವು ಮೂರನೆಯದು. ಎಲ್ಲ ಮತಗಳೂ ಒಂದೇ ಸತ್ಯದ ದಾರಿಗಳಾದುದರಿಂದ ಒಂದು ಮತದ ಕುರುಹನ್ನು ಬಿಟ್ಟು ಮತ್ತೊಂದರ ಕುರುಹನ್ನು ಧರಿಸಬೇಕಾದುದಿಲ್ಲವೆಂಬುದು ಅದರ ಸಾರಾಂಶ. ಮೊದಲಿನ ಎರಡು ಉತ್ತರಗಳನ್ನು ಒಂದರ ಬೆಳಕಿನಲ್ಲಿ ಮತ್ತೊಂದನ್ನಿಟ್ಟು ನೋಡುವುದು, ಮತ್ತು ಆ ಮೂಲಕ ಸಿದ್ಧರಾಮನ ಪ್ರಸಂಗದ ಗುಣದೋಷಗಳನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಶಬ್ದವನ್ನು ವಿಚಾರಿಸಬೇಕು. ಗ್ರೀಕಿನ ಮೂಲಪದಕ್ಕೆ ನೀರಿನಲ್ಲಿ ಅದ್ದುವುದು, ಮುಳುಗಿಸುವುದು ಎಂದಷ್ಟೇ ಅರ್ಥ. ಅನೇಕ ಭಾಷೆಗಳ ಬೈಬಲ್ಲುಗಳು ಆ ಪದವನ್ನು ಭಾಷಾಂತರಿಸದೆ ಹಾಗೆಯೇ ಉಳಿಸಿಕೊಂಡವು. ಕನ್ನಡದಲ್ಲಿಯೂ ‘ಬಾಪ್ತಿಸ್ಮ’ ಎಂಬ ರೂಪವುಂಟು. ಆದರೆ ಬೈಬಲ್ ಸೊಸೈಟಿಯ ಕನ್ನಡ ಭಾಷಾಂತರದಲ್ಲಿ ನೆಲೆಗೊಂಡ ಪದವು ‘ದೀಕ್ಷಾಸ್ನಾನ’. ಕಥೋಲಿಕರಲ್ಲಿ ‘ಸ್ನಾನದೀಕ್ಷೆ’, ‘ಜ್ಞಾನಸ್ನಾನ’ ಎಂಬ ಪದಗಳು ರೂಢಿಯಲ್ಲಿವೆ. ಮೂಲದಲ್ಲಿ ಇಲ್ಲದ ‘ದೀಕ್ಷೆ’ ಎಂಬ ಮಾತನ್ನು ಕನ್ನಡವು ಇಲ್ಲಿ ತಾನಾಗಿ ಸೇರಿಸಿಕೊಟ್ಟಿತೆಂಬುದು ಗಮನಿಸತಕ್ಕ ಸಂಗತಿ.

ದೀಕ್ಷೆಯೆಂಬುದು ಕನ್ನಡಕ್ಕೆ ಬರಿಯ ಆಚಾರವಾಚಕವಲ್ಲ. ಜೈನ ಕಾವ್ಯಗಳಲ್ಲಿ ಅರಸರು ರಾಜ್ಯವನ್ನು ತೊರೆದು ಜಿನದೀಕ್ಷೆಯನ್ನು ಕೈಕೊಳ್ಳುತ್ತಾರೆ, ವೈದಿಕರಲ್ಲಿ ಯಜ್ಞದೀಕ್ಷೆಯುಂಟು, ಶೈವಾಗಮಗಳು ಜ್ಞಾನವನ್ನು ಕೊಡುವುದು, ಪಾಪವನ್ನು ಕ್ಷಯಗೊಳಿಸುವುದು ಎಂಬ ಎರಡು ಅರ್ಥಗಳನ್ನು ಆ ಪದದ ಎರಡು ಅಕ್ಷರಗಳಿಂದಲೇ ಹೊರಡಿಸುತ್ತವೆ. ವೀರಶೈವರಲ್ಲಿ ದೀಕ್ಷಿತನು ಗುರುಕರಜಾತನು, ಎಂದರೆ ಗುರುವಿನ ಹಸ್ತದಿಂದ ಮರಳಿ ಹುಟ್ಟಿದವನು. ಹೀಗಿರುವಲ್ಲಿ, ನೀರಿನಿಂದಲೂ ಆತ್ಮದಿಂದಲೂ ಹೊಸದಾಗಿ ಹುಟ್ಟಬೇಕೆಂದು ಯೇಸು ನಿಕೊದೇಮನಿಗೆ ಹೇಳಿದ ಮಾತನ್ನು ಕನ್ನಡದಲ್ಲಿ ಓದಿದವನಿಗೆ ಆ ಭಾವವು ಅಪರಿಚಿತವೆನಿಸಲಾರದು. ಸ್ನಾನವು ಮೈಯನ್ನು ತೊಳೆಯುವುದು. ದೀಕ್ಷೆಯು ಹುಟ್ಟನ್ನೇ ಬದಲಾಯಿಸುವುದು. ಎರಡನ್ನೂ ಸಮಾಸಮಾಡಿದ ಪದವು ಅರ್ಥವನ್ನು ಹೆಚ್ಚಿಸಿತು. ಅದರೊಡನೆ, ದೀಕ್ಷೆಯ ವಿಷಯವಾಗಿ ಈ ನಾಡಿನಲ್ಲಿ ಮೊದಲೇ ನಡೆದಿದ್ದ ವಾದವನ್ನೂ ಹೊತ್ತು ತಂದಿತು.

೩

ಕ್ರೈಸ್ತರ ಆಧಾರವಾಕ್ಯಗಳು ಒಂದೇ ದಿಕ್ಕಿಗೆ ನಡೆಯುವುದಿಲ್ಲ. ನಿಕೊದೇಮನ ಸಂಭಾಷಣೆಯು ನೀರನ್ನು ಹೆಸರಿಸುತ್ತದೆ. ಮಾರ್ಕನ ಸುವಾರ್ತೆಯ ಕೊನೆಯಲ್ಲಿ ನಂಬಿ ದೀಕ್ಷಾಸ್ನಾನ ಪಡೆದವನಿಗೆ ರಕ್ಷಣೆಯು ಹೇಳಲ್ಪಟ್ಟಿದೆ. ಆದರೆ ಅದೇ ವಾಕ್ಯದ ಉತ್ತರಾರ್ಧದಲ್ಲಿ ದಂಡನೆಯು ನಂಬದವನಿಗೆ ಮಾತ್ರ ಹೇಳಲ್ಪಟ್ಟಿದೆಯಲ್ಲದೆ ಸ್ನಾನವಿಲ್ಲದವನಿಗೆ ಹೇಳಲ್ಪಟ್ಟಿಲ್ಲ. ಅಲ್ಲದೆ ಮಾರ್ಕನ ಹದಿನಾರನೆಯ ಅಧ್ಯಾಯದ ಒಂಬತ್ತನೆಯ ವಾಕ್ಯದಿಂದ ಮುಂದಿನ ಭಾಗವು ಅತ್ಯಂತ ಪ್ರಾಚೀನವಾದ ಎರಡು ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲವೆಂಬುದು ಪಾಠಶೋಧಕರೆಲ್ಲರೂ ಬಲ್ಲ ಸಂಗತಿ. ಇತ್ತ ಲೂಕನ ಸುವಾರ್ತೆಯಲ್ಲಿ ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ ಅಪರಾಧಿಗೆ ನೀರೂ ಇಲ್ಲ, ಸಭೆಯೂ ಇಲ್ಲ, ಮಾರನೆಯ ದಿನವೂ ಇಲ್ಲ. ಆದರೂ ಅಂದೇ ಪರದೈಸವು ಅವನಿಗೆ ವಾಗ್ದಾನಮಾಡಲ್ಪಡುತ್ತದೆ. ಅಪೊಸ್ತಲರ ಕೃತ್ಯಗಳಲ್ಲಿ ಸಮಾರ್ಯದ ಮಾಂತ್ರಿಕನಾದ ಸೀಮೋನನು ಸ್ನಾನವನ್ನು ಪಡೆದೂ ಪವಿತ್ರಾತ್ಮದ ಶಕ್ತಿಯನ್ನು ಹಣಕ್ಕೆ ಕೊಳ್ಳಲು ಹೋಗಿ ಪೇತ್ರನಿಂದ ನಿಂದಿತನಾಗುತ್ತಾನೆ. ಎಂದರೆ ಸಂಸ್ಕಾರವಿಲ್ಲದ ರಕ್ಷಣೆಗೂ ರಕ್ಷಣೆಯಿಲ್ಲದ ಸಂಸ್ಕಾರಕ್ಕೂ ಶಾಸ್ತ್ರದಲ್ಲಿಯೇ ಉದಾಹರಣೆಗಳಿವೆ.

ಈ ವೈಷಮ್ಯವನ್ನು ಪರಿಹರಿಸುವುದಕ್ಕಾಗಿ ಸಭೆಯ ಪಂಡಿತರು ಕಲ್ಪಿಸಿದ ವ್ಯವಸ್ಥೆಯು ಸ್ವಾರಸ್ಯವಾದುದು. ಸ್ನಾನಕ್ಕೆ ಮೊದಲೇ ಧರ್ಮಕ್ಕಾಗಿ ಪ್ರಾಣಕೊಟ್ಟವನಿಗೆ ರಕ್ತವೇ ದೀಕ್ಷೆಯೆಂದು ಒಪ್ಪಲಾಯಿತು. ೩೯೨ರಲ್ಲಿ ದೊರೆ ಎರಡನೆಯ ವ್ಯಾಲೆಂಟಿನಿಯನನು ದೀಕ್ಷೆಯನ್ನು ಬಯಸಿಯೂ ಪಡೆಯುವುದರೊಳಗೆ ಮೃತನಾಗಲು, ಮಿಲಾನಿನ ಧರ್ಮಾಧ್ಯಕ್ಷನಾದ ಅಂಬ್ರೋಸನು ಅವನ ಚರಮೋಪನ್ಯಾಸದಲ್ಲಿ ಆ ಬಯಕೆಯೇ ಅವನಿಗೆ ಸಾಕಾಯಿತೆಂದು ಸಮಾಧಾನ ಹೇಳಿದನು. ಹೀಗೆ ಜಲ, ರಕ್ತ, ಇಚ್ಛೆ ಎಂಬ ಮೂರು ಬಗೆಯ ದೀಕ್ಷೆಗಳು ಅಂಗೀಕೃತವಾದುವು. ೧೫೪೭ರಲ್ಲಿ ಟ್ರೆಂಟ್ ಮಹಾಸಭೆಯು ದೀಕ್ಷಾಸ್ನಾನವನ್ನು ಐಚ್ಛಿಕವೆನ್ನುವವರನ್ನು ಖಂಡಿಸಿತು. ಆದರೆ ಸ್ನಾನ ಅಥವಾ ಅದರ ಇಚ್ಛೆ ಎಂಬ ವಿಕಲ್ಪಕ್ಕೆ ಅದೇ ವರ್ಷದ ತನ್ನ ಇನ್ನೊಂದು ನಿರ್ಣಯದಲ್ಲಿ ಎಡೆಗೊಟ್ಟಿತು. ದೀಕ್ಷೆಯಿಲ್ಲದೆ ತೀರಿಕೊಂಡ ಶಿಶುಗಳ ವಿಷಯದಲ್ಲಿ ಆಗಸ್ಟೀನನ ನಿಲವು ಕಠಿನವಾಗಿತ್ತು. ಮುಂದಿನವರು ಅಂಥ ಶಿಶುಗಳಿಗೆ ಸುಖವೂ ದುಃಖವೂ ಅಲ್ಲದ ಒಂದು ಅಂಚಿನ ಲೋಕವನ್ನು ಕಲ್ಪಿಸಿದರು. ೨೦೦೭ರಲ್ಲಿ ರೋಮಿನ ಧರ್ಮಶಾಸ್ತ್ರ ಮಂಡಲಿಯು ಅವುಗಳ ರಕ್ಷಣೆಯನ್ನು ನಿರೀಕ್ಷಿಸುವುದಕ್ಕೆ ಸಕಾರಣವುಂಟೆಂದು ಪ್ರಕಟಿಸಿತು. ಪ್ರೊಟೆಸ್ಟಂಟರಲ್ಲಿ ಕ್ವೇಕರರೂ ಮುಕ್ತಿಸೇನೆಯವರೂ ನೀರಿನ ದೀಕ್ಷೆಯನ್ನೇ ಇಟ್ಟುಕೊಂಡಿಲ್ಲ. ಹುಮನಾಬಾದದ ಕಡೆಗೆ ಬಂದ ಮೆಥೊಡಿಸ್ಟರ ಮೂಲಪುರುಷನಾದ ಜಾನ್ ವೆಸ್ಲಿಯು ಶಿಶುದೀಕ್ಷೆಯನ್ನು ಇಟ್ಟುಕೊಂಡನಾದರೂ, ಹೊಸಹುಟ್ಟನ್ನು ಕುರಿತ ೧೭೬೦ರ ಉಪದೇಶದಲ್ಲಿ ದೀಕ್ಷಾಸ್ನಾನವೇ ಹೊಸಹುಟ್ಟಲ್ಲ, ಒಂದು ಕುರುಹು, ಮತ್ತೊಂದು ಕುರುಹಿನಿಂದ ಸೂಚಿತವಾದ ವಸ್ತು ಎಂದು ವಿವೇಚಿಸಿದನು.

ದೀಕ್ಷೆಯ ಪಕ್ಷಕ್ಕೂ ಬಲವಾದ ಒಂದು ಯುಕ್ತಿಯುಂಟು. ಸುಮಾರು ೨೦೦ರಲ್ಲಿದ್ದ ಟರ್ಟುಲಿಯನನು ಮನುಷ್ಯನ ರಕ್ಷಣೆಯು ಶರೀರವೆಂಬ ತಿರುಗಣಿಯ ಮೇಲೆ ನಿಂತಿದೆಯೆಂದು ವಾದಿಸುತ್ತಾನೆ. ಆತ್ಮಕ್ಕೆ ಬರುವ ಪ್ರತಿಯೊಂದು ಅನುಗ್ರಹವೂ ಮೈಯ ಮೂಲಕವೇ ಬರುವುದಾದರೆ ಮೈಯನ್ನು ಬಿಟ್ಟ ರಕ್ಷಣೆಯು ಅರ್ಧ ರಕ್ಷಣೆಯೇ ಸರಿ. ಇದೇ ಯುಕ್ತಿಯು ಕಲ್ಯಾಣದಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆಂಬುದನ್ನು ಇನ್ನು ನೋಡಬೇಕು.

೪

ಶರಣರ ಚರಿತ್ರೆಯನ್ನು ಹೇಳುವ ಹಳೆಯ ಕವಿಗಳಾದ ಹರಿಹರ ರಾಘವಾಂಕರಲ್ಲಿ ದೀಕ್ಷೆಯು ಶಾಸ್ತ್ರೋಕ್ತವಾದ ಕ್ರಮದಲ್ಲಿ ಬರುವುದಿಲ್ಲವೆಂಬುದು ಆಶ್ಚರ್ಯಕರವಾಗಿದೆ. ಹರಿಹರನ ಬಸವರಾಜದೇವರ ರಗಳೆಯಲ್ಲಿ ಜನಿವಾರವನ್ನು ಕಳಚಿ ಸಂಗಮಕ್ಕೆ ಬಂದ ಬಸವಣ್ಣನಿಗೆ ಲಿಂಗವು ದೊರೆಯುವುದು ನಂದಿಯ ಬಾಯಿಂದ. ಪ್ರಭುದೇವರ ರಗಳೆಯಲ್ಲಿ ವಿರಹದಿಂದ ಅಲೆಯುತ್ತಿರುವ ಅಲ್ಲಮನು ಕಾಲಿನಿಂದ ನೆಲವನ್ನು ಕೆದಕಲು ಹೂಳಿಹೋದ ದೇಗುಲದ ಕಳಸವು ಕಾಣಿಸುತ್ತದೆ. ಒಳಗೆ ಕುಳಿತಿರುವ ಅನಿಮಿಷಯ್ಯನ ಕರಸ್ಥಲದ ಲಿಂಗವು ಅವನ ಕೈಗೆ ಬರುತ್ತದೆ. ಗುರುವಿನ ಪ್ರಾಣವು ಹೋಗುತ್ತದೆ. ಅಲ್ಲಿ ಮಂಡಲವಿಲ್ಲ, ಕಲಶಸ್ಥಾಪನೆಯಿಲ್ಲ, ಮಂತ್ರೋಪದೇಶವಿಲ್ಲ. ರಾಘವಾಂಕನ ಸಿದ್ಧರಾಮಚಾರಿತ್ರದಲ್ಲಿ ಬಾಲಕನಾದ ಸಿದ್ಧರಾಮನು ಕಾಣದೆಹೋದ ಮಲ್ಲಯ್ಯನನ್ನು ಅರಸುತ್ತ ಶ್ರೀಶೈಲಕ್ಕೆ ಹೋಗಿ, ಕಾಣದ ದುಃಖದಿಂದ ಕೊಳ್ಳಕ್ಕೆ ಹಾರಿಕೊಳ್ಳುವಾಗ ಮಲ್ಲಿಕಾರ್ಜುನನು ಕೈಯಾರೆ ಹಿಡಿದೆತ್ತುತ್ತಾನೆ. ಮುಂದೆ ಅವನು ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿ, ಲಿಂಗಗಳನ್ನು ಸ್ಥಾಪಿಸಿ ಅದನ್ನು ಎರಡನೆಯ ಶ್ರೀಶೈಲವಾಗಿ ಮಾಡುತ್ತಾನೆ. ಚೆನ್ನಬಸವಣ್ಣನಿಂದ ಇಷ್ಟಲಿಂಗವನ್ನು ಪಡೆದ ಸಂಗತಿಯು ಆ ಕಾವ್ಯದಲ್ಲಿ ಇಲ್ಲ.

ಈ ಮೂರು ಕಥೆಗಳಲ್ಲಿಯೂ ಕೃಪೆಯು ಬರುವ ದಾರಿಯನ್ನು ಮನುಷ್ಯನು ಏರ್ಪಡಿಸುವುದಿಲ್ಲ. ಕಲ್ಲಿನ ನಂದಿ, ಹೂಳಿದ ದೇಗುಲ, ಶ್ರೀಶೈಲದ ಕೊಳ್ಳ: ಇವೇ ದೀಕ್ಷೆಯ ಮಂಟಪಗಳು. ಶಿಲುಬೆಯ ಮೇಲಿನ ಅಪರಾಧಿಯ ಕಥೆಯನ್ನು ಬಲ್ಲ ಓದುಗನು ಇವುಗಳಲ್ಲಿ ಅದೇ ನಂಬುಗೆಯ ಸ್ವರವನ್ನು ಗುರುತಿಸಬಲ್ಲನು.

ಆದರೆ ಒಂದು ಸಮುದಾಯವು ಅಂಥ ಅಪೂರ್ವ ಘಟನೆಗಳನ್ನೇ ನೆಚ್ಚಿ ಬದುಕಲಾರದು. ಎಲ್ಲರಿಗೂ ನಂದಿಯು ಬಾಯಿ ತೆರೆಯುವುದಿಲ್ಲ. ಆದಕಾರಣ ವೀರಶೈವ ಶಾಸ್ತ್ರವು ವೇಧಾ, ಮಂತ್ರ, ಕ್ರಿಯಾ ಎಂದು ದೀಕ್ಷೆಯನ್ನು ಮೂರಾಗಿ ವಿಭಾಗಿಸಿ, ಅವುಗಳಿಂದ ಕ್ರಮವಾಗಿ ಭಾವಲಿಂಗ, ಪ್ರಾಣಲಿಂಗ, ಇಷ್ಟಲಿಂಗಗಳ ಸಂಬಂಧವನ್ನು ಹೇಳಿತು. ಈ ವಿಭಾಗಕ್ಕೂ ಕ್ರೈಸ್ತರ ಮೂರು ಬಗೆಗೂ ಹೊರನೋಟದ ಸಾಮ್ಯವುಂಟಾದರೂ ಉದ್ದೇಶವು ಭಿನ್ನವಾದುದು. ಕ್ರೈಸ್ತರಲ್ಲಿ ರಕ್ತವೂ ಇಚ್ಛೆಯೂ ನೀರಿಗೆ ಬದಲಾಗಿ ನಿಲ್ಲುತ್ತವೆ. ಒಂದಿದ್ದರೆ ಮತ್ತೊಂದು ಇಲ್ಲದಿದ್ದರೂ ನಡೆಯುವುದು. ವೀರಶೈವದಲ್ಲಿ ಮೂರೂ ಒಂದೇ ಅನುಗ್ರಹದ ಮೂರು ಮುಖಗಳು. ಕಾರಣ, ಸೂಕ್ಷ್ಮ, ಸ್ಥೂಲಗಳೆಂಬ ಮೂರು ತನುಗಳಲ್ಲಿ ಒಂದನ್ನೂ ಬಿಡುವಂತಿಲ್ಲ. ಶರೀರವನ್ನು ಹೊರಗಿಟ್ಟು ಮುಕ್ತಿಯಿಲ್ಲವೆಂಬ ಟರ್ಟುಲಿಯನನ ಯುಕ್ತಿಯು ಇಲ್ಲಿ ಒಂದು ದರ್ಶನದ ಅಂಗವೇ ಆಗಿರುವುದು. ಈ ಕಾಳಜಿಯು ಎಷ್ಟರಮಟ್ಟಿಗೆ ನಡೆಯಿತೆಂದರೆ ಗರ್ಭಿಣಿಯ ಎಂಟನೆಯ ತಿಂಗಳಲ್ಲಿ ಶಿಶುವಿನ ಹೆಸರಿನಲ್ಲಿ ಲಿಂಗಧಾರಣೆ ಮಾಡಿಸುವ ಆಚಾರವು ಹುಟ್ಟಿತು. ದೀಕ್ಷೆಯಿಲ್ಲದ ಶಿಶುವಿನ ಗತಿಯೇನೆಂದು ಆಗಸ್ಟೀನನ ಪರಂಪರೆಯು ಮರಣಾನಂತರ ಕೇಳಿದ ಪ್ರಶ್ನೆಯನ್ನು ವೀರಶೈವರ ಮನೆಯು ಜನನಕ್ಕೆ ಮೊದಲೇ ಕೇಳಿ ಪರಿಹರಿಸಿಕೊಂಡಿತು.

೫

ಈ ಹಿನ್ನೆಲೆಯಲ್ಲಿ ಶೂನ್ಯಸಂಪಾದನೆಯ ಸಿದ್ಧರಾಮ ಪ್ರಸಂಗವನ್ನು ಓದಬೇಕು. ಅಲ್ಲಮನು ಸೊನ್ನಲಿಗೆಗೆ ಬರುತ್ತಾನೆ, ಕೆರೆಯ ಕೆಲಸದಲ್ಲಿ ತೊಡಗಿರುವ ಸಿದ್ಧರಾಮನನ್ನು ‘ಒಡ್ಡರಾಮ’ನೆಂದು ಕರೆಯುತ್ತಾನೆ, ಕೆಲಸದವರು ರೇಗಿ ಕಲ್ಲೆಸೆಯುತ್ತಾರೆ. ಕೆರೆ ದೇಗುಲಗಳ ಪುಣ್ಯವು ಬಂಧನವೇ ಹೊರತು ಬಿಡುಗಡೆಯಲ್ಲವೆಂದು ಅಲ್ಲಮನು ತೋರಿಸಿ ಅವನನ್ನು ಕಲ್ಯಾಣಕ್ಕೆ ಕರೆತರುತ್ತಾನೆ. ಅಲ್ಲಿ ಶರಣರ ನಡುವೆ ಪ್ರಶ್ನೆಯು ಏಳುತ್ತದೆ: ಸಿದ್ಧರಾಮನ ಅಂಗದ ಮೇಲೆ ಇಷ್ಟಲಿಂಗವಿಲ್ಲ. ಒಳಗೆ ಅರಿವು ನೆಲೆಗೊಂಡಿರುವಾಗ ಹೊರಗಿನ ಕುರುಹು ಏತಕ್ಕೆಂಬುದು ಸಿದ್ಧರಾಮನ ಪಕ್ಷ. ಒಳಗು ಹೊರಗು ಎಂದು ಎರಡಾದರೆ ಅರಿವೇ ಪೂರ್ಣವಾಗಲಿಲ್ಲವೆಂಬುದು ಚೆನ್ನಬಸವಣ್ಣನ ಪಕ್ಷ. ಕೊನೆಗೆ ಸಿದ್ಧರಾಮನು ಒಪ್ಪುತ್ತಾನೆ. ಚೆನ್ನಬಸವಣ್ಣನೇ ದೀಕ್ಷೆ ಕೊಡುತ್ತಾನೆ.

ಈ ಭಾಗದ ಪಾಠೇತಿಹಾಸವು ಅರ್ಥವತ್ತಾಗಿದೆ. ಹದಿನೈದನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನ ಮೊದಲ ಶೂನ್ಯಸಂಪಾದನೆಯಲ್ಲಿ ಸಿದ್ಧರಾಮನ ದೀಕ್ಷೆಯಿಲ್ಲ. ಮುಂದಿನ ಪರಿಷ್ಕರಣಗಳ ಕಾಲದಲ್ಲಿ ಅದು ಸೇರಿ, ಹದಿನಾರನೆಯ ಶತಮಾನದ ಗೂಳೂರು ಸಿದ್ಧವೀರಣ್ಣೊಡೆಯನ ಕೃತಿಯಲ್ಲಿ ವಿಸ್ತಾರವಾದ ಪ್ರಕರಣವಾಗಿ ನಿಂತಿದೆ. ವಿಜಯನಗರದ ಕಾಲದಲ್ಲಿ ವಿರಕ್ತ ಪರಂಪರೆಯು ಬಲಗೊಂಡು ಮತದ ಎಲ್ಲೆಗಳು ಸ್ಪಷ್ಟವಾದಾಗ, ಲಿಂಗವಿಲ್ಲದ ಒಬ್ಬ ಮಹಾಶರಣನನ್ನು ಗಣಗಳ ನಡುವೆ ಕುಳ್ಳಿರಿಸುವುದು ಸಂಪಾದಕರಿಗೆ ಕಷ್ಟವಾಗಿ ಕಂಡಿರಬೇಕು. ಮಾರ್ಕನ ಸುವಾರ್ತೆಯ ಅಂತ್ಯದಲ್ಲಿಯೂ ಇಂಥದೇ ಸಂಗತಿಯುಂಟು: ಸಂಸ್ಕಾರದ ಅವಶ್ಯಕತೆಯನ್ನು ಹೇಳುವ ಮಾತು ಪ್ರಾಚೀನ ಪಾಠದಲ್ಲಿಲ್ಲದ ಭಾಗದಲ್ಲಿದೆ. ಆದರೆ ಇಷ್ಟರಿಂದಲೇ ದೀಕ್ಷಾಪ್ರಕರಣವು ನಿರಾಧಾರವೆಂದು ತಳ್ಳಿಬಿಡುವುದು ಅವಿಚಾರ. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದ ಅನೇಕ ವಚನಗಳು ಚೆನ್ನಬಸವಣ್ಣನನ್ನು ಗುರುವೆಂದೇ ಸ್ತುತಿಸುತ್ತವೆ. ಸಂಪಾದಕರು ಶೂನ್ಯದಿಂದ ಕಥೆಯನ್ನು ಕಟ್ಟಿದರೆನ್ನುವಂತಿಲ್ಲ. ತಡವಾಗಿ ಬಂದುದೆಲ್ಲ ಸುಳ್ಳಲ್ಲ. ಯಾವ ಅಗತ್ಯದಿಂದ ಬಂದಿತೆಂಬುದೇ ವಿಮರ್ಶಕನು ಕೇಳತಕ್ಕ ಪ್ರಶ್ನೆ.

ಸಾಹಿತ್ಯದೃಷ್ಟಿಯಿಂದ ಈ ಪ್ರಕರಣದ ಗುಣವು ಸಿದ್ಧರಾಮನ ಪಕ್ಷವನ್ನು ದುರ್ಬಲವಾಗಿ ಮಾಡದೆ ಇರುವುದರಲ್ಲಿದೆ. ಅವನ ಬಾಯಲ್ಲಿ ಸಂಪಾದಕನು ಇಟ್ಟಿರುವ ವಚನಗಳು ಅನುಭಾವದ ಶಕ್ತಿಯುಳ್ಳವು; ಸೋಲಿಸುವುದಕ್ಕೆಂದು ಹೂಡಿದ ಪೂರ್ವಪಕ್ಷದ ಹುಲ್ಲುಬೊಂಬೆಗಳಲ್ಲ. ಓದುಗನು ಒಂದು ಘಟ್ಟದವರೆಗೆ ಸಿದ್ಧರಾಮನೇ ಗೆಲ್ಲುವನೆಂದು ಎಣಿಸುತ್ತಾನೆ. ದೋಷವೂ ಅಲ್ಲಿಯೇ ಇದೆ. ವಾದವು ನಿಜವಾಗಿ ನಿರ್ಣಯವಾಗುವುದಿಲ್ಲ. ಸ್ಥಲಗಳ ಲೆಕ್ಕ, ಲಿಂಗಗಳ ವಿಭಾಗ ಮೊದಲಾದ ಶಾಸ್ತ್ರಪರಿಭಾಷೆಯು ಮುಂದಕ್ಕೆ ಬಂದು ಅದನ್ನು ಮುಚ್ಚಿಬಿಡುತ್ತದೆ. ಅನಿಮಿಷಯ್ಯನ ಕೈಯಿಂದ ಮಾತಿಲ್ಲದೆ ಲಿಂಗವನ್ನು ಪಡೆದ ಅಲ್ಲಮನೇ ಇನ್ನೊಬ್ಬನನ್ನು ವಿಧ್ಯುಕ್ತವಾದ ದೀಕ್ಷೆಗೆ ನಡೆಸಿಕೊಂಡು ಬರುವುದರಲ್ಲಿರುವ ವೈಚಿತ್ರ್ಯವನ್ನು ಸಂಪಾದಕನು ಉಪಯೋಗಿಸಿಕೊಂಡಿಲ್ಲ.

ಇದೇ ಗ್ರಂಥದ ಮತ್ತೊಂದು ಪ್ರಕರಣವು ಇದಕ್ಕೆ ಪ್ರತಿಭಾರವಾಗಿ ನಿಂತಿದೆ. ನುಲಿಯ ಚಂದಯ್ಯನು ಹಗ್ಗ ಹೊಸೆಯುವುದಕ್ಕಾಗಿ ಹುಲ್ಲು ಕೊಯ್ಯುತ್ತಿರುವಾಗ ಅವನ ಇಷ್ಟಲಿಂಗವು ಕಳಚಿ ನೀರಿಗೆ ಬೀಳುತ್ತದೆ. ಲಿಂಗವು ಬಿದ್ದರೆ ಪ್ರಾಣ ಬಿಡಬೇಕೆಂಬುದು ನಿಷ್ಠೆಯವರ ನಿಯಮ. ಚಂದಯ್ಯನು ಪ್ರಾಣವನ್ನೂ ಬಿಡುವುದಿಲ್ಲ, ಲಿಂಗವನ್ನೂ ಎತ್ತಿಕೊಳ್ಳುವುದಿಲ್ಲ. ಹುಲ್ಲಿನ ಹೊರೆಯನ್ನು ಹೊತ್ತು ತನ್ನ ಕಾಯಕಕ್ಕೆ ಹೊರಡುತ್ತಾನೆ. ಲಿಂಗವೇ ಅವನ ಬೆನ್ನುಹತ್ತಿ ಬರುತ್ತದೆ. ಮಡಿವಾಳ ಮಾಚಯ್ಯನು ನಡುವೆ ಬಂದು ಒಡಂಬಡಿಸಿದ ಮೇಲೆಯೂ, ಲಿಂಗವು ಕಾಯಕದಲ್ಲಿ ಪಾಲುಗೊಳ್ಳಬೇಕೆಂಬ ಕರಾರಿನ ಮೇಲೆ ಅದಕ್ಕೆ ಪುನಃ ಪ್ರವೇಶವು ದೊರೆಯುತ್ತದೆ. ಸಿದ್ಧರಾಮನು ಲಿಂಗವನ್ನು ಬೇಡಿ ಪಡೆಯಬೇಕಾಯಿತು. ಚಂದಯ್ಯನನ್ನು ಲಿಂಗವೇ ಬೇಡಿ ಪಡೆಯಬೇಕಾಯಿತು. ಈ ಎರಡು ಕಥೆಗಳನ್ನು ಒಂದೇ ಗ್ರಂಥದೊಳಗೆ ಇಟ್ಟಿರುವುದು ಶೂನ್ಯಸಂಪಾದನೆಯ ಹಿರಿಮೆ. ಪ್ರಕರಣದೊಳಗೆ ಬಗೆಹರಿಯದ ವಾದವು ಗ್ರಂಥದ ಸಮಗ್ರತೆಯಲ್ಲಿ ಸಮತೂಕಕ್ಕೆ ಬರುತ್ತದೆ.

೬

ಸಿದ್ಧರಾಮನ ಪ್ರಕರಣಕ್ಕೆ ಹೊಸ ಒಡಂಬಡಿಕೆಯಲ್ಲಿ ಹತ್ತಿರವಾದುದು ಅಪೊಸ್ತಲರ ಕೃತ್ಯಗಳ ಹತ್ತನೆಯ ಅಧ್ಯಾಯದಲ್ಲಿ ಬರುವ ಕೊರ್ನೇಲ್ಯನ ಕಥೆ. ಕೈಸರೈಯದ ಈ ಶತಾಧಿಪತಿಯು ಅನ್ಯಜನದವನು, ಆದರೆ ದೈವಭಕ್ತ, ದಾನಿ. ಯೊಪ್ಪದಲ್ಲಿದ್ದ ಪೇತ್ರನಿಗೆ ಒಂದು ದರ್ಶನವಾಗುತ್ತದೆ: ನಿಷಿದ್ಧವೆಂದು ಅವನು ಎಣಿಸಿದ ಪ್ರಾಣಿಗಳನ್ನು ತಿನ್ನಬೇಕೆಂದು ಮೂರು ಬಾರಿ ಆಜ್ಞೆಯಾಗುತ್ತದೆ. ಅಳುಕುತ್ತ ಅವನು ಅನ್ಯನ ಮನೆಗೆ ಹೋಗಿ ಮಾತನಾಡುತ್ತಿರುವಾಗಲೇ, ನೀರನ್ನು ತರುವುದಕ್ಕೆ ಮೊದಲೇ, ಪವಿತ್ರಾತ್ಮವು ಕೇಳುತ್ತಿದ್ದವರ ಮೇಲೆ ಇಳಿಯುತ್ತದೆ. ದೇವರು ಒಪ್ಪಿಕೊಂಡವರಿಗೆ ನೀರನ್ನು ನಿರಾಕರಿಸುವವರು ಯಾರೆಂಬ ಭಾವದಿಂದ ಪೇತ್ರನು ಅವರಿಗೆ ದೀಕ್ಷಾಸ್ನಾನ ಮಾಡಿಸುತ್ತಾನೆ. ಆ ಬಳಿಕ ಯೆರೂಸಲೇಮಿನಲ್ಲಿ ವಿಚಾರಣೆಗೆ ಗುರಿಯಾಗುವವನು ಕೊರ್ನೇಲ್ಯನಲ್ಲ. ಅನ್ಯರ ಮನೆಯಲ್ಲಿ ಊಟಮಾಡಿದ ಪೇತ್ರನು.

ಎರಡು ಪ್ರಸಂಗಗಳಲ್ಲಿಯೂ ಕೃಪೆಯು ಮೊದಲು, ಕುರುಹು ಅನಂತರ. ಎರಡರಲ್ಲಿಯೂ ಕೃಪೆ ದೊರೆತಿದೆಯೆಂಬ ಕಾರಣದಿಂದ ಕುರುಹನ್ನು ಬಿಟ್ಟುಬಿಡುವುದಿಲ್ಲ. ಸಾಮ್ಯವು ಇಲ್ಲಿಗೆ ಮುಗಿಯುತ್ತದೆ. ಕೈಸರೈಯದಲ್ಲಿ ಪರೀಕ್ಷೆಗೆ ಒಳಗಾಗುವವನು ದೀಕ್ಷೆಯನ್ನು ಕೊಡುವವನು. ಕಲ್ಯಾಣದಲ್ಲಿ ಪರೀಕ್ಷೆಗೆ ಒಳಗಾಗುವವನು ಪಡೆಯುವವನು. ಕೊರ್ನೇಲ್ಯನ ಸ್ನಾನದಿಂದ ಬದಲಾಗುವುದು ಸಭೆಯ ಎಲ್ಲೆ. ಸಿದ್ಧರಾಮನ ದೀಕ್ಷೆಯಿಂದ ಗಣಗಳ ಎಲ್ಲೆಯು ಇನ್ನಷ್ಟು ಗಟ್ಟಿಯಾಗುತ್ತದೆ. ಅವನು ಬಾಗುತ್ತಾನೆ, ಸಭೆಯು ಬಾಗುವುದಿಲ್ಲ. ಅಲ್ಲಮನ ಮಾತಿನ ಮುಂದೆ ಎಲ್ಲರೂ ಏನನ್ನಾದರೂ ಕಳೆದುಕೊಳ್ಳುವ ಆ ಗ್ರಂಥದಲ್ಲಿ ಈ ಪ್ರಕರಣವು ಮಾತ್ರ ಸ್ವಲ್ಪ ತೇಜೋಹೀನವಾಗಿ ಕಾಣುವುದಕ್ಕೆ ಇದೇ ಕಾರಣವೆಂದು ತೋರುತ್ತದೆ.

ಹಾಗಾದರೆ ಕಲ್ಯಾಣದ ಕೊರ್ನೇಲ್ಯನು ಯಾರು? ಸಿದ್ಧರಾಮನಲ್ಲ, ಹರಳಯ್ಯ. ೧೩೬೯ರಲ್ಲಿ ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನು ಕನ್ನಡಕ್ಕೆ ತಂದ ಭೀಮಕವಿಯ ಬಸವಪುರಾಣದ ಪರಂಪ‌ರೆಯಲ್ಲಿ ಹರಳಯ್ಯ ಮಧುವಯ್ಯರ ಕಣ್ಣುಗಳನ್ನು ಬಿಜ್ಜಳನು ಕೀಳಿಸಿದ ಕಥೆಯಿದೆ. ಮುಂದಿನ ಪುರಾಣಗಳು ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮೂಲದ ಮಧುವಯ್ಯನ ಮನೆಗೂ ನಡೆದ ವಿವಾಹಸಂಬಂಧವನ್ನು ಅದಕ್ಕೆ ಕಾರಣವಾಗಿ ಹೇಳುತ್ತವೆ. ಲಿಂಗವಂತರಾದ ಇಬ್ಬರಲ್ಲಿ ಕುಲವನ್ನು ಅರಸಬಾರದೆಂಬುದೇ ಆ ಸಂಬಂಧದ ತಳಹದಿ. ಇಲ್ಲಿ ದೀಕ್ಷೆಯು ಪಡೆದವನನ್ನು ಪರೀಕ್ಷಿಸದೆ ಇಡೀ ಪಟ್ಟಣವನ್ನು ಪರೀಕ್ಷಿಸಿತು. ಮನಸ್ಸಿನೊಳಗಿನ ಅರಿವಿಗಾಗಿ ಯಾವ ಅರಸನೂ ಯಾರ ಕಣ್ಣನ್ನೂ ಕೀಳಿಸುವುದಿಲ್ಲ. ಎಲ್ಲರ ಕಣ್ಣಿಗೆ ಬೀಳುವ ಕುರುಹಿಗಾಗಿ, ಆ ಕುರುಹನ್ನು ನಂಬಿ ನಡೆದ ನಡೆಗಾಗಿ ಕೀಳಿಸುತ್ತಾನೆ. ಬಸವಕಲ್ಯಾಣದಲ್ಲಿ ಇಂದಿಗೂ ತೋರಿಸುವ ಹರಳಯ್ಯನ ಗವಿಯ ಮುಂದೆ ನಿಂತವನಿಗೆ ಬಾಹ್ಯದ ಕುರುಹು ನಿರರ್ಥಕವೆಂದು ಹೇಳುವ ಧೈರ್ಯವು ಬರಲಾರದು.

೭

ಇದರಿಂದ ಅವಶ್ಯಕತೆಯೆಂಬ ಒಂದೇ ಮಾತಿನಲ್ಲಿ ಎರಡು ಅರ್ಥಗಳು ಬೆರೆತಿರುವುದು ಸ್ಪಷ್ಟವಾಗುತ್ತದೆ. ದೇವರು ಕೃಪೆಮಾಡುವುದಕ್ಕೆ ಅವಶ್ಯವಾದುದು ಒಂದು. ಕೃಪೆಹೊಂದಿದವನು ಜನದ ನಡುವೆ ನಿಲ್ಲುವುದಕ್ಕೆ ಅವಶ್ಯವಾದುದು ಮತ್ತೊಂದು. ಮೊದಲನೆಯ ಅರ್ಥದಲ್ಲಿ ದೀಕ್ಷೆಯು ಅವಶ್ಯವೆನ್ನುವುದಕ್ಕೆ ನಂದಿಯ ಬಾಯಿ, ಶ್ರೀಶೈಲದ ಕೊಳ್ಳ, ಲೂಕನ ಅಪರಾಧಿ ಇವೆಲ್ಲವೂ ಅಡ್ಡಬರುತ್ತವೆ. ಎರಡನೆಯ ಅರ್ಥದಲ್ಲಿ ಅದು ಅವಶ್ಯವಲ್ಲವೆನ್ನುವುದಕ್ಕೆ ಹರಳಯ್ಯನೂ ಪೇತ್ರನೂ ಅಡ್ಡಬರುತ್ತಾರೆ. ದೀಕ್ಷೆಯ ಅಭಾವವು ದೋಷವಲ್ಲ, ಅದರ ತಿರಸ್ಕಾರವು ದೋಷ ಎಂಬ ಭಾವದ ಒಂದು ನ್ಯಾಯವು ಕ್ರೈಸ್ತ ಪಂಡಿತರಲ್ಲಿ ಬಹುಕಾಲದಿಂದ ರೂಢಿಯಲ್ಲಿರುವುದು ಈ ಭೇದವನ್ನು ಅವರೂ ಅರಿತಿದ್ದುದರಿಂದಲೇ.

ಈ ಭೇದವು ಪಂಡಿತರ ಸೂಕ್ಷ್ಮತೆಗೆ ಮಾತ್ರ ಸಂಬಂಧಿಸಿದುದಲ್ಲ. ಬೀದರ ಸೀಮೆಯ ಕ್ರೈಸ್ತರಲ್ಲಿ ಬಹುಮಂದಿಯ ಪೂರ್ವಿಕರು ಅಸ್ಪೃಶ್ಯರೆನಿಸಿಕೊಂಡ ಸಮುದಾಯಗಳಿಂದ ಬಂದವರು. ೧೯೫೦ರ ರಾಷ್ಟ್ರಪತಿಯ ಆಜ್ಞೆಯು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮಾತ್ರ ಸೀಮಿತಗೊಳಿಸಿತು, ೧೯೫೬ರಲ್ಲಿ ಸಿಖ್ಖರಿಗೂ ೧೯೯೦ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಲ್ಪಟ್ಟಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ೨೦೨೪ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪುದುಚೇರಿಯ ಒಬ್ಬ ಮಹಿಳೆಯ ಮೊಕದ್ದಮೆಯಲ್ಲಿ, ಆಕೆಯ ದೀಕ್ಷಾಸ್ನಾನವನ್ನೂ ಆರಾಧನೆಗೆ ಹೋಗುವ ರೂಢಿಯನ್ನೂ ಗಣನೆಗೆ ತೆಗೆದುಕೊಂಡು, ಹಿಂದುವೆಂದು ಹೇಳಿಕೊಂಡು ಪರಿಶಿಷ್ಟ ಜಾತಿಯ ಪ್ರಮಾಣಪತ್ರವನ್ನು ಪಡೆಯಲಾಗದೆಂದು ತೀರ್ಮಾನಿಸಿತು. ನಂಬಿಕೆಯು ಹೃದಯದಲ್ಲಿದ್ದರೆ ಸಾಕೋ, ನೀರೂ ಬೇಕೋ ಎಂಬ ಪ್ರಶ್ನೆಯು ಇಂಥ ಮನೆಗಳಲ್ಲಿ ಮಕ್ಕಳ ವ್ಯಾಸಂಗದ, ಉದ್ಯೋಗದ ಪ್ರಶ್ನೆಯಾಗಿಯೂ ಬರುತ್ತದೆ. ಧರ್ಮಶಾಸ್ತ್ರವು ಕುರುಹೆಂದುದನ್ನು ನ್ಯಾಯಸ್ಥಾನವು ಸಾಕ್ಷ್ಯವೆಂದು ತೆಗೆದುಕೊಳ್ಳುತ್ತದೆ. ಇಂಥ ಸ್ಥಿತಿಯಲ್ಲಿ ನೀರನ್ನು ಪಡೆಯದೆ ನಂಬಿದವನನ್ನು ಅಂಜುಬುರುಕನೆನ್ನುವುದಾಗಲಿ, ಪಡೆದವನನ್ನು ಅವಿವೇಕಿಯೆನ್ನುವುದಾಗಲಿ ಸುಲಭವಲ್ಲ. ಕಲ್ಯಾಣದಲ್ಲಿ ಕುರುಹಿಗೆ ಕಣ್ಣು ಬೆಲೆಯಾಗಿತ್ತು. ಈಗ ಬೆಲೆಯು ಬೇರೆಯಾಗಿದೆ. ಕುರುಹಿಗೆ ಬೆಲೆಯುಂಟೆಂಬುದು ಮಾತ್ರ ಬದಲಾಗಿಲ್ಲ.

ಮಾಣಿಕನಗರದ ಸಕಲಮತದ ಉತ್ತರವು ಈ ಬೆಲೆಯನ್ನು ಯಾರೂ ತೆರಬೇಕಾಗಿಲ್ಲವೆಂದು ಹೇಳುವ ಔದಾರ್ಯವುಳ್ಳದ್ದು. ಆದರೆ ಹರಳಯ್ಯನಂತೆ ಹುಟ್ಟಿನ ಕುರುಹೇ ಹೊರೆಯಾದವನಿಗೆ, ಎಲ್ಲ ಕುರುಹುಗಳೂ ಸಮವೆಂಬ ಸಮಾಧಾನವು ಸಾಲದೆಹೋಗಬಹುದು. ಅವನಿಗೆ ಹೊಸದೊಂದು ಕುರುಹೇ ಬೇಕಾಗುವುದು. ದೀಕ್ಷೆಯೆಂಬುದು ಇನ್ನೊಂದು ಹುಟ್ಟು ಎಂಬ ಭಾವನೆಯ ಬಲವಿರುವುದು ಇಲ್ಲಿ.

ಮೇಲಿನ ವಿಚಾರದಿಂದ ತಿಳಿದುಬರುವುದಿಷ್ಟು. ಕೃಪೆಯನ್ನು ದೀಕ್ಷೆಗೆ ಕಟ್ಟಿಹಾಕಿದ ಮಾತುಗಳು ಎರಡು ಪರಂಪರೆಗಳಲ್ಲಿಯೂ ಉಂಟು. ಅವು ಹೆಚ್ಚಾಗಿ ಸಮುದಾಯವು ತನ್ನ ಎಲ್ಲೆಯನ್ನು ಕಾಯಲು ತೊಡಗಿದಾಗಿನ ಮಾತುಗಳು. ದೀಕ್ಷೆಯನ್ನು ಕೃಪೆಯ ಹಿಂದೆ ನಡೆಸಿ, ಅದರಿಂದ ಕೊಡುವವರನ್ನೂ ಪರೀಕ್ಷಿಸಿದ ಕಥೆಗಳು ಎರಡು ಪರಂಪರೆಗಳಲ್ಲಿಯೂ ಉಂಟು. ಸಾಹಿತ್ಯವಾಗಿ ಉತ್ತಮವಾದುವು ಅವೇ. ಶೂನ್ಯಸಂಪಾದನೆಯನ್ನು ಪಾಠಹೇಳುವವರು ಸಿದ್ಧರಾಮನ ಪ್ರಕರಣವನ್ನು ಷಟ್‌ಸ್ಥಲದ ವಿವರಣೆಯಾಗಿ ಮಾತ್ರ ಓದಿಸದೆ, ಅದರ ಪಕ್ಕದಲ್ಲಿ ಚಂದಯ್ಯನ ನೀರಿಗೆ ಬಿದ್ದ ಲಿಂಗವನ್ನೂ ಹರಳಯ್ಯನ ಕಥೆಯನ್ನೂ ಇಟ್ಟು ಓದಿಸಿದರೆ, ಆ ಪ್ರಕರಣದಲ್ಲಿ ಅರ್ಧಕ್ಕೆ ನಿಂತ ವಾದವು ಮುಂದುವರಿಯುವುದಕ್ಕೆ ಅವಕಾಶವಾಗುವುದು.